ಸುಳ್ಳು ಹೇಳಿ, ಬದುಕಿ ಬಾಳಿ

ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಲೇ ಬಂದರು. ಪಾಪ, ಅವರು ಸೇಲಂ ನೋಡಿರಲಿಲ್ಲ. ಮಾವಿನಹಣ್ಣಿನ ಸೇಲಂ ಅಲ್ಲ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಲಂ. 1692ರಲ್ಲಿ ಅಲ್ಲೊಂದು ವಿಶೇಷ ನ್ಯಾಯಾಲಯ ಕೂತು, ನಾಲ್ಕು ತಿಂಗಳೂ ತುಂಬುವ ಮೊದಲೇ 19 ಜನರನ್ನು ಮಾಟಗಾರರೆಂದು ನೇಣಿಗೇರಿಸಿತು. ನೇಣಿಗೇರಿದ ಅಷ್ಟೂ ಜನ ಸತ್ಯವನ್ನೇ ಹೇಳಿದ್ದರು. ಸುಳ್ಳು ಹೇಳಿ ಕೊನೆತನಕ ಅದಕ್ಕೇ ಅಂಟಿಕೊಂಡವರಲ್ಲಿ ಒಬ್ಬರ ಕೊರಳಿಗೂ ಹಗ್ಗ ಬೀಳಲಿಲ್ಲ.

ರಗಳೆ ಶುರುವಾದದ್ದು ಪಾದ್ರಿಯ ಮನೆಯಲ್ಲಿ. ಸ್ಯಾಮ್ಯುಯೆಲ್ ಪ್ಯಾರಿಸ್ ಎಂಬ ಪಾದ್ರಿಯ 9 ವರ್ಷದ ಮಗಳು ಮತ್ತು ಅದೇ ಮನೆಯಲ್ಲಿದ್ದ 11 ವರ್ಷದ ನೆಂಟರ ಹುಡುಗಿ ಕೈಕಾಲು ಸೊಟ್ಟ ಮಾಡಿಕೊಂಡು ಕಿರುಚತೊಡಗಿದರು. ವೈದ್ಯ ಬಂದ, ನೋಡಿದ, ಕಾಯಿಲೆ ಏನೆಂದು ತಿಳಿಯಲಿಲ್ಲ. ತಿಳಿಯಲಿಲ್ಲ ಎಂದರೆ ವೈದ್ಯನ ಮರ್ಯಾದೆ ಉಳಿಯುತ್ತದೆಯೇ? ದುಷ್ಟಶಕ್ತಿಯ ಕೈವಾಡ ಎಂದುಬಿಟ್ಟ. ನೆರೆಮನೆಯ ಹೆಂಗಸೊಬ್ಬಳು ಪತ್ತೇದಾರಿಕೆಗೆ ಇಳಿದಳು. ಹುಡುಗಿಯರ ಮೂತ್ರವನ್ನು ಹಿಟ್ಟಿಗೆ ಕಲಸಿ, ರೊಟ್ಟಿ ಸುಡಿಸಿ, ಮಾಟ ಮಾಡಿದವರು ಗೊತ್ತಾಗಲಿ ಎಂದು ನಾಯಿಗೆ ತಿನ್ನಿಸಿದ್ದಾಯಿತು. ನಾಯಿ ಯಾರ ಹೆಸರನ್ನೂ ಹೇಳಲಿಲ್ಲ. ಅಷ್ಟು ಸಂಯಮ ಊರಿನ ಮನುಷ್ಯರಲ್ಲಿ ಕಾಣಲಿಲ್ಲ.

ಮೊದಲು ಸಿಕ್ಕಿಬಿದ್ದವರು ಮೂವರು: ಮನೆಮನೆ ಬೇಡುತ್ತಿದ್ದ ಸಾರಾ ಗುಡ್, ಹಾಸಿಗೆ ಹಿಡಿದಿದ್ದ ಸಾರಾ ಆಸ್ಬರ್ನ್, ಪಾದ್ರಿಯ ಮನೆಯ ಗುಲಾಮಳು ಟಿಟುಬಾ. ಸೈತಾನನಿಗೆ ಲೋಕಜ್ಞಾನ ಜಾಸ್ತಿ. ಚಾಕರಿಗೆ ಜನ ಬೇಕಾದಾಗ ಅವನು ಮೊದಲು ಹುಡುಕುವುದು, ಪರವಾಗಿ ಮಾತಾಡುವವರು ಯಾರೂ ಇಲ್ಲದವರನ್ನೇ.

ಇನ್ನು ಸಾಕ್ಷ್ಯ. ಮಾಟಗಾತಿಯ ದೇಹ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದರೂ ಅವಳ ಛಾಯೆ ಊರ ತುಂಬ ಓಡಾಡಿ ಜನರನ್ನು ಚಿವುಟುತ್ತದೆ, ಕಚ್ಚುತ್ತದೆ; ಆ ಛಾಯೆ ಕಚ್ಚಿಸಿಕೊಂಡವರ ಕಣ್ಣಿಗೆ ಮಾತ್ರ ಕಾಣುತ್ತದೆ. ನ್ಯಾಯಾಲಯ ಇದನ್ನು ಒಪ್ಪಿಕೊಂಡಿತು. 'ಸ್ವಾಮಿ, ಆ ರಾತ್ರಿ ನಾನು ಮನೆಯಲ್ಲೇ ಇದ್ದೆ' ಎಂದರೆ, 'ಇದ್ದಿರಬಹುದಮ್ಮ, ನಿನ್ನ ಛಾಯೆ ಎಲ್ಲಿತ್ತು?' ಎಂಬ ಪ್ರಶ್ನೆ. ಛಾಯೆಗೆ ಜಾಮೀನು ಕೊಡುವವರು ಯಾರು? ಇಷ್ಟು ಸಾಲದೆಂದು ಮುಟ್ಟುವ ಪರೀಕ್ಷೆ ಬೇರೆ. ಮೈಮೇಲೆ ಬಂದು ಹೊರಳಾಡುವವರನ್ನು ಆಪಾದಿತೆ ಮುಟ್ಟಬೇಕು. ಹೊರಳಾಟ ನಿಂತರೆ, ಬಿಟ್ಟಿದ್ದ ಮಾಟವನ್ನು ಅವಳೇ ವಾಪಸ್ ಎಳೆದುಕೊಂಡಳು ಎಂದರ್ಥ. ಯಾವಾಗ ನಿಲ್ಲಿಸಬೇಕು ಎಂಬುದು ಮಾತ್ರ ಹೊರಳಾಡುವವರಿಗೆ ಬಿಟ್ಟದ್ದು.

ರೆಬೆಕಾ ನರ್ಸ್‌ಗೆ 71 ವರ್ಷ, ಊರಲ್ಲಿ ದೈವಭಕ್ತೆ ಎಂಬ ಹೆಸರು, ಕಿವಿ ಸ್ವಲ್ಪ ಮಂದ. ತೀರ್ಪುಗಾರರು ಅವಳನ್ನು ನಿರಪರಾಧಿ ಎಂದೇ ಸಾರಿದರು. ಕೂಡಲೇ ಹುಡುಗಿಯರ ಚೀರಾಟ ಮುಗಿಲು ಮುಟ್ಟಿತು. ಮುಖ್ಯ ನ್ಯಾಯಾಧೀಶ ವಿಲಿಯಂ ಸ್ಟೌಟನ್ ತೀರ್ಪುಗಾರರಿಗೆ ಅವಳಾಡಿದ್ದ ಒಂದು ಮಾತನ್ನು ನೆನಪಿಸಿ, ಇನ್ನೊಮ್ಮೆ ಯೋಚಿಸಿ ಎಂದ. ಆ ಮಾತಿನ ಅರ್ಥವೇನೆಂದು ಅವರು ಮುದುಕಿಯನ್ನೇ ಕೇಳಿದರು. ಅವಳಿಗೆ ಕೇಳಿಸಲಿಲ್ಲ, ಉತ್ತರ ಕೊಡಲಿಲ್ಲ. ಮೌನಂ ಸಮ್ಮತಿ ಲಕ್ಷಣಂ! ತೀರ್ಪು ಬದಲಾಯಿತು, ಜುಲೈ 19ರಂದು ನೇಣಾಯಿತು. ಕಿವುಡಿಗೆ ಮರಣದಂಡನೆ ವಿಧಿಸಿದ ಕೀರ್ತಿ ಲೋಕದಲ್ಲಿ ಎಷ್ಟು ನ್ಯಾಯಾಲಯಗಳಿಗಿದೆ?

ಜಾರ್ಜ್ ಬರೋಸ್ ಸ್ವತಃ ಪಾದ್ರಿಯಾಗಿದ್ದವನು. ಮಾಟಗಾರನ ಬಾಯಲ್ಲಿ ಏಸುಕ್ರಿಸ್ತನ ಪ್ರಾರ್ಥನೆ ತಪ್ಪಿಲ್ಲದೆ ಹೊರಡುವುದಿಲ್ಲ ಎಂದು ಆ ಜನ ನಂಬಿದ್ದರು. ನೇಣಿಗೇರುವ ಮುನ್ನ ಬರೋಸ್ ಒಂದಕ್ಷರವೂ ತಪ್ಪದಂತೆ ಅದನ್ನು ಹೇಳಿದ. ಜನ ಗುಜುಗುಜು ಎಂದರು, ಕೆಲವರು ಕಣ್ಣೀರು ಹಾಕಿದರು. ಆಗ ಕುದುರೆಯ ಮೇಲೆ ಬಂದಿದ್ದ ಪಂಡಿತ ಕಾಟನ್ ಮೇದರ್, ಸೈತಾನ ದೇವದೂತನ ವೇಷದಲ್ಲೂ ಬರುತ್ತಾನೆ ಎಂದು ಜನರನ್ನು ಸಮಾಧಾನಪಡಿಸಿದ. ತೊದಲಿದರೂ ಮಾಟಗಾರ, ತೊದಲದಿದ್ದರೆ ಇನ್ನೂ ದೊಡ್ಡ ಮಾಟಗಾರ.

ಹಾಗಾದರೆ ಬದುಕುವುದು ಹೇಗೆ? ತುಂಬ ಸುಲಭ. 'ಹೌದು, ನಾನು ಮಾಟಗಾತಿ' ಎನ್ನುವುದು. ಟಿಟುಬಾಗೆ ಇದು ಮೊದಲ ದಿನವೇ ಹೊಳೆಯಿತು. ಕೋಲಿನ ಮೇಲೆ ಹಾರಿದ್ದು, ಕಪ್ಪು ಬಟ್ಟೆಯವನು ಪುಸ್ತಕ ತಂದದ್ದು, ಅದರಲ್ಲಿ ಬೇರೆಯವರ ಗುರುತುಗಳೂ ಇದ್ದದ್ದು, ಎಲ್ಲವನ್ನೂ ರಸವತ್ತಾಗಿ ಬಣ್ಣಿಸಿದಳು. ಬದುಕಿಕೊಂಡಳು. ಓದುಬರಹ ಕಲಿತ ಯಜಮಾನರಿಗಿಂತ ಈ ಗುಲಾಮಳಿಗೇ ಕಾನೂನು ಚೆನ್ನಾಗಿ ಅರ್ಥವಾಗಿತ್ತು. ನೋಡನೋಡುತ್ತ 50ಕ್ಕೂ ಹೆಚ್ಚು ಜನ ತಪ್ಪೊಪ್ಪಿಕೊಂಡರು. ತಪ್ಪೊಪ್ಪಿಕೊಂಡವರು ಜೊತೆಗಾರರ ಹೆಸರು ಹೇಳಬೇಕು, ಆ ಜೊತೆಗಾರರು ಮತ್ತೆ ಜೊತೆಗಾರರ ಹೆಸರು ಹೇಳಬೇಕು. ಆಪಾದಿತರ ಸಂಖ್ಯೆ 150 ದಾಟಿತು. ಸ್ಯಾಮ್ಯುಯೆಲ್ ವಾರ್ಡ್‌ವೆಲ್ ಎಂಬಾತ ತಪ್ಪೊಪ್ಪಿಕೊಂಡು ಪಾರಾಗುವ ದಾರಿಯಲ್ಲಿದ್ದ. ಅವನ ಗ್ರಹಚಾರಕ್ಕೆ ಮನಸ್ಸಾಕ್ಷಿ ಎದ್ದು ಕೂತಿತು. ಹೇಳಿದ್ದು ಸುಳ್ಳು ಎಂದ. ಸೆಪ್ಟೆಂಬರ್ 22ರಂದು ಅವನನ್ನೂ ಗಲ್ಲಿಗೇರಿಸಿದರು.

ಸುಮಾರು 80ರ ಮುದುಕ ಜೈಲ್ಸ್ ಕೋರಿ ಹೌದೆನ್ನಲೂ ಇಲ್ಲ, ಈ ವಿಚಾರಣೆಗೆ ತಲೆಬಾಗಲೂ ಇಲ್ಲ. ಅವನನ್ನು ಮಲಗಿಸಿ ಮೈಮೇಲೆ ಕಲ್ಲು ಹೇರಿದರು, ಉಸಿರು ನಿಂತಿತು. ಸಾರಾ ಗುಡ್‌ಳ ಮಗಳಿಗೆ ನಾಲ್ಕೈದು ವರ್ಷ. ಆ ಮಗುವನ್ನೂ ಬೇಡಿ ತೊಡಿಸಿ ತಿಂಗಳುಗಟ್ಟಲೆ ಸೆರೆಯಲ್ಲಿಟ್ಟರು. ಬುದ್ಧಿ ಮತ್ತೆಂದೂ ಸರಿಹೋಗಲಿಲ್ಲ ಎಂದು ಅದರ ಅಪ್ಪ ಮುಂದೆ ಸರ್ಕಾರಕ್ಕೆ ಬರೆದುಕೊಂಡ. ಈ ನಡುವೆ ಷೆರಿಫ್ ಜಾರ್ಜ್ ಕಾರ್ವಿನ್ ಜಪ್ತಿಯಲ್ಲಿ ಮುಳುಗಿದ್ದ. ಆಪಾದಿತ ಜಾನ್ ಪ್ರಾಕ್ಟರ್‌ನ ಮನೆಗೆ ನುಗ್ಗಿ ದನಕರು ಹೊಡೆದುಕೊಂಡು ಹೋದನಂತೆ. ಪಾತ್ರೆಯಲ್ಲಿದ್ದ ಸಾರು ಚೆಲ್ಲಿ ಪಾತ್ರೆ ಒಯ್ದನಂತೆ. ಬಾಸ್ಟನ್ನಿನ ಬಟ್ಟೆ ವ್ಯಾಪಾರಿ ರಾಬರ್ಟ್ ಕೇಲೆಫ್ ಇದನ್ನು ಬರೆದಿಟ್ಟಿದ್ದಾನೆ. ಸೈತಾನನ ವಿರುದ್ಧದ ಧರ್ಮಯುದ್ಧದಲ್ಲಿ ಶತ್ರುವಿನ ಒಂದು ಪಾತ್ರೆ ವಶವಾಯಿತು.

ಆಗಿನ ಜನ ಅಜ್ಞಾನಿಗಳು, ಉನ್ಮಾದದಲ್ಲಿ ಏನೋ ಆಗಿಹೋಯಿತು ಎಂದು ಈಗ ನಾವು ಉದಾರವಾಗಿ ಹೇಳುತ್ತೇವೆ. ಅಜ್ಞಾನಿಗಳಂತೆ! ಸ್ಟೌಟನ್ ಹಾರ್ವರ್ಡ್ ಪದವೀಧರ. ಮೇದರ್ ಕೂಡ ಹಾರ್ವರ್ಡಿನವನೇ. ಮುಂದೆ 1721ರಲ್ಲಿ ಬಾಸ್ಟನ್ನಿಗೆ ಸಿಡುಬು ಬಂದಾಗ, ಸಿಡುಬಿನ ಕೀವನ್ನೇ ಚುಚ್ಚಿ ರೋಗ ತಡೆಯುವ ಹೊಸ ವಿಧಾನಕ್ಕಾಗಿ ಊರನ್ನೇ ಎದುರು ಹಾಕಿಕೊಂಡ ವಿಜ್ಞಾನಾಸಕ್ತ. 1692ರ ಜೂನ್‌ನಲ್ಲಿ ಪಾದ್ರಿಗಳೆಲ್ಲ ಸೇರಿ ಕೊಟ್ಟ ಸಲಹಾಪತ್ರ ಬರೆದವನೂ ಇವನೇ. ಛಾಯೆಯ ಸಾಕ್ಷ್ಯದ ಬಗ್ಗೆ ಬಹಳ ಎಚ್ಚರವಿರಲಿ ಎಂದು ಉದ್ದಕ್ಕೂ ಹೇಳಿ, ಕೊನೆಯಲ್ಲಿ ಮೊಕದ್ದಮೆಗಳು ಚುರುಕಾಗಿ ನಡೆಯಲಿ ಎಂದು ಮುಗಿಸಿದ ಪತ್ರ ಅದು. ಉನ್ಮಾದ ಹುಡುಗಿಯರಲ್ಲಿತ್ತು, ನಿಜ. ಆದರೆ ಹುಡುಗಿಯರ ಕಿರುಚಾಟದಿಂದ ಯಾರೂ ಸಾಯುವುದಿಲ್ಲ. ಕಿರುಚಾಟವನ್ನು ದಾಖಲೆ ಮಾಡಿ, ವಾರಂಟ್ ಹೊರಡಿಸಿ, ಮೊಹರು ಒತ್ತುವ ಸಮಾಧಾನಚಿತ್ತದ ಗಂಡಸರು ಬೇಕು.

ಇಷ್ಟಕ್ಕೂ ಹುಚ್ಚು ಬಿಟ್ಟದ್ದು ಹೇಗೆ? ಆರೋಪ ಮೇಲಮೇಲಕ್ಕೆ ಹತ್ತಿ ಗವರ್ನರ್ ವಿಲಿಯಂ ಫಿಪ್ಸ್‌ನ ಹೆಂಡತಿಯ ಹೆಸರಿನ ತನಕ ಬಂತು. ಅಕ್ಟೋಬರ್‌ನಲ್ಲಿ ಗವರ್ನರ್ ಸಾಹೇಬರು ಆ ನ್ಯಾಯಾಲಯಕ್ಕೆ ಬೀಗ ಹಾಕಿದರು. ಛಾಯೆಯ ಸಾಕ್ಷ್ಯ ಬೇಡವೆಂದು ಹೊಸ ನ್ಯಾಯಾಲಯ ಕೂತಾಗ ಬಹುಪಾಲು ಎಲ್ಲರೂ ಖುಲಾಸೆಯಾದರು. ಆದರೆ ಖುಲಾಸೆಯಾದವರೂ ಸೆರೆಮನೆಯ ಊಟ, ವಸತಿಯ ಬಾಕಿ ತೀರಿಸಿಯೇ ಹೊರಬರಬೇಕು. ಪಾದ್ರಿ ಪ್ಯಾರಿಸ್ ಟಿಟುಬಾಳ ಬಾಕಿ ಕಟ್ಟಲಿಲ್ಲ. ಬೇರೆ ಯಾರೋ ಹಣ ಕಟ್ಟಿ ಅವಳನ್ನು ಒಯ್ದರು.

ಪುಣ್ಯಕೋಟಿಯ ಸತ್ಯಕ್ಕೆ ನಾಚಿ ನಮ್ಮ ಹುಲಿ ಪ್ರಾಣ ಬಿಟ್ಟಿತು. ಸ್ಟೌಟನ್ ಹುಲಿಯಲ್ಲ, ನ್ಯಾಯಾಧೀಶ. ಉಳಿದವರ ನೇಣು ತಪ್ಪಿತೆಂದು ಸಿಟ್ಟಾಗಿ ಪೀಠದಿಂದ ಎದ್ದು ಹೋದ, ಮುಂದೆ ಹಂಗಾಮಿ ಗವರ್ನರ್ ಆದ, ಕೊನೆತನಕ ಕ್ಷಮೆ ಕೇಳಲಿಲ್ಲ. ಅವನ ಹೆಸರಿನ ಪಟ್ಟಣ ಈಗಲೂ ಇದೆ. ಆರೋಪ ಹೊರಿಸಿದ್ದ ಆ್ಯನ್ ಪಟ್ನಮ್ 1706ರಲ್ಲಿ ಚರ್ಚಿನಲ್ಲಿ ಕ್ಷಮೆ ಕೇಳಿದಳು, ಸೈತಾನನೇ ತನ್ನನ್ನು ಮರುಳು ಮಾಡಿದ್ದ ಎಂಬ ವಿವರಣೆಯ ಜೊತೆಗೆ. ಅಂತೂ ಇಡೀ ಮೊಕದ್ದಮೆಯಲ್ಲಿ ವಿಚಾರಣೆಯಿಲ್ಲದೆ ತಪ್ಪು ಹೊತ್ತವನು ಸೈತಾನನೊಬ್ಬನೇ. ಶಿಕ್ಷೆಗೊಳಗಾಗಿದ್ದ ಎಲಿಜಬೆತ್ ಜಾನ್ಸನ್ ನಿರಪರಾಧಿ ಎಂದು ಅಲ್ಲಿನ ಶಾಸನಸಭೆಗೆ ಹೊಳೆದದ್ದು 2022ರಲ್ಲಿ, ಅದೂ ಶಾಲಾ ಮಕ್ಕಳು ಬೆನ್ನು ಹತ್ತಿದ ಮೇಲೆ.

ಈಗಿನ ಸೇಲಂ ಪ್ರವಾಸಿಗರ ಪಟ್ಟಣ. ಅಕ್ಟೋಬರ್ ಬಂದರೆ ಕಾಲಿಡಲು ಜಾಗವಿಲ್ಲ. ಪೊಲೀಸ್ ಕಾರಿನ ಮೇಲೆ ಪೊರಕೆಯೇರಿದ ಮಾಟಗಾತಿಯ ಚಿತ್ರ, ಹೈಸ್ಕೂಲಿನ ಆಟದ ತಂಡಕ್ಕೆ ಮಾಟಗಾತಿಯರೆಂದೇ ಹೆಸರು. ನಾವು ಮಾಟಗಾರರಲ್ಲ ಎಂದು ಆ 19 ಜನ ಪ್ರಾಣ ಕೊಟ್ಟು ಹೇಳಿದರು. ಊರು ಅವರ ಮಾತನ್ನು ಅಂದೂ ಕೇಳಲಿಲ್ಲ. ಈಗ ಕೇಳಿದರೆ ವ್ಯಾಪಾರ ಕೆಡುತ್ತದೆ.