ಗೀಟು ಹೊಡೆಸಿಕೊಂಡ ಬೆಲೆಯವರಿಗೆ, ಮಲೆನಾಡಿನ ಕಿವಿಗಳ ಪರವಾಗಿ

ಮಾನ್ಯ ಗೀಟು ಹೊಡೆಸಿಕೊಂಡ ಬೆಲೆಯವರೇ,

ಕೊಪ್ಪದ ಬಸ್‌ಸ್ಟ್ಯಾಂಡಿನ ಆಸುಪಾಸಿನ ಮೊಬೈಲ್ ಅಂಗಡಿಗಳಲ್ಲಿ ತೂಗುಬಿದ್ದ ನೆಕ್‌ಬ್ಯಾಂಡ್ ಡಬ್ಬಿಗಳ ಮೇಲೆ ತಾವಿದ್ದೀರಿ. ಶೃಂಗೇರಿಯ ಕಾಲೇಜು ಹುಡುಗರ ಫೋನಿನ ಪರದೆಯಲ್ಲಿದ್ದೀರಿ. ಎನ್.ಆರ್.ಪುರಕ್ಕೆ ಕೊರಿಯರ್‌ನಲ್ಲಿ ಬರುವ ಪೊಟ್ಟಣಗಳಲ್ಲೂ ಬಂದಿಳಿಯುತ್ತೀರಿ. ರೂ. 4,990 ಎಂದು ತಾವು ಗಂಭೀರವಾಗಿ ನಿಂತಿರುತ್ತೀರಿ, ನಡು ಸೀಳಿಕೊಂಡು ಒಂದು ಗೀಟು ಹೋಗಿರುತ್ತದೆ, ಪಕ್ಕದಲ್ಲಿ ದಪ್ಪಕ್ಷರದಲ್ಲಿ ರೂ. 1,199 ಎಂದಿರುತ್ತದೆ. ತಮ್ಮನ್ನು ಪೂರ್ತಿ ಎಣಿಸಿಕೊಟ್ಟು ಇಯರ್‌ಬಡ್ ಕೊಂಡ ಪುಣ್ಯಾತ್ಮ ಈ ಮೂರು ತಾಲ್ಲೂಕುಗಳಲ್ಲಿ ಇದ್ದಾನೆಂದು ನಂಬುವುದು ಕಷ್ಟ. ಹಾಗಿದ್ದೂ ತಾವು ಇಷ್ಟು ಪ್ರಭಾವಶಾಲಿ. ಕೊಳ್ಳುವವನು ಕೊಟ್ಟ ಸಾವಿರದಿನ್ನೂರನ್ನು ಮರೆತು, ಉಳಿಸಿದೆ ಎಂದುಕೊಂಡ ಮೂರು ಸಾವಿರದ ಎಂಟುನೂರನ್ನು ಊರೆಲ್ಲ ಹೇಳಿಕೊಂಡು ಬರುತ್ತಾನೆ. ಪೊಟ್ಟಣದ ಸರಕುಗಳ ಕುರಿತ 2011ರ ನಿಯಮಗಳು ಗರಿಷ್ಠ ಚಿಲ್ಲರೆ ಬೆಲೆಯನ್ನು ಅಚ್ಚು ಹಾಕಲೇಬೇಕು ಎನ್ನುತ್ತವೆ, ಅದನ್ನು ಮೀರಿ ಮಾರುವಂತಿಲ್ಲ. ಆ ಗರಿಷ್ಠ ಎಷ್ಟಿರಬೇಕೆಂಬುದು ಮಾತ್ರ ಅಚ್ಚು ಹಾಕುವವರ ಮರ್ಜಿ. ಗ್ರಾಹಕನ ಕಾವಲಿಗೆಂದು ಹುಟ್ಟಿದವರು ತಾವು, ಈಗ ರಿಯಾಯಿತಿಯ ಮನೆಯಲ್ಲಿ ಸಂಬಳಕ್ಕಿದ್ದೀರಿ.

ಇದು ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಎಂದು ಬೇರೆಮಾಡುವ ಸೀಮೆ. ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್ಕೋಸ್‌ನ ಮಂಡಿಯಲ್ಲಾಗಲಿ ಬೇರೆ ಕಡೆಯಾಗಲಿ, ಚೀಲದ ಮೇಲೆ ಬರೆದದ್ದನ್ನು ಓದಿ ದರ ಕಟ್ಟುವ ವ್ಯಾಪಾರಿ ಇಲ್ಲ. ಚೀಲದ ಬಾಯಿ ಬಿಚ್ಚಬೇಕು, ಒಳಕ್ಕೆ ಕೈಹಾಕಿ ಒಂದು ಹಿಡಿ ತೆಗೆಯಬೇಕು, ಒಂದನ್ನು ಕತ್ತರಿಸಿ ಒಳಗಿನ ಬಣ್ಣ ನೋಡಬೇಕು, ಹಸಿಯಿದೆಯೋ ಎಂದು ಪರೀಕ್ಷಿಸಬೇಕು. ಅಂಥ ಜನ ಕಿವಿಯೊಳಗೆ ತೂರಿಸುವ ವಸ್ತುವನ್ನು ಮಾತ್ರ ಚೀಲದ ಮೇಲಿನ ಅಕ್ಷರ ನೋಡಿಯೇ ಕೊಳ್ಳುವಂತೆ ಮಾಡಿದ ತಮ್ಮ ಶಕ್ತಿ ಸಾಮಾನ್ಯದ್ದಲ್ಲ. ನಮ್ಮ ತಕರಾರು ಇಷ್ಟೆ: ಇಯರ್‌ಫೋನ್ ಡಬ್ಬಿಯ ಮೇಲೆ ಅಚ್ಚಾಗಿರುವ ಅಂಕಿಗಳಲ್ಲಿ ಹೆಚ್ಚಿನವು ಕೇಳುವ ಕಿವಿಗೆ ಸಂಬಂಧಪಟ್ಟವಲ್ಲ, ಸಂಬಂಧಪಟ್ಟವು ಅಲ್ಲಿ ಅಚ್ಚಾಗುವುದಿಲ್ಲ. ಕೈಯಲ್ಲಿ ಐನೂರರಿಂದ ಎರಡು ಸಾವಿರ ಇರುವವನಿಗೆ ಈ ವ್ಯತ್ಯಾಸ ತಿಳಿಯುವುದು ದುಡ್ಡಿದ್ದವನಿಗಿಂತ ಹೆಚ್ಚು ಅಗತ್ಯ.

ಮೊದಲು ತಮ್ಮ ವಿಷಯವನ್ನೇ ತೆಗೆದುಕೊಳ್ಳೋಣ. 2017ರಲ್ಲಿ ಜೆರೋನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಮುಂದಿಟ್ಟುಕೊಂಡು, ಯಾವ ಸ್ವರ ಎಷ್ಟು ಜೋರಾಗಿ ಹೊರಬರುತ್ತದೆ ಎಂಬ ನಕ್ಷೆಯನ್ನು ಬೆಲೆಯ ಜೊತೆ ತಾಳೆ ನೋಡಿದರು. ಅಮೆರಿಕದ ಧ್ವನಿವಿಜ್ಞಾನ ಸಂಘದ ಪತ್ರಿಕೆಯಲ್ಲಿ ಅಚ್ಚಾದ ಆ ಬರಹದ ತಲೆಬರಹವೇ ಬೆಲೆಗೂ ಈ ನಕ್ಷೆಗೂ ಸಂಬಂಧವಿಲ್ಲ ಎಂಬ ಅರ್ಥದ್ದು. ಹಾಗಾದರೆ ಸಿಕ್ಕಿದ್ದರಲ್ಲಿ ಅಗ್ಗದ್ದು ತಂದರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಆಗುವುದಿಲ್ಲ. ಸಂಬಂಧವಿಲ್ಲ ಎಂದರೆ ಅಗ್ಗದ್ದರಲ್ಲೂ ಒಳ್ಳೆಯದಿದೆ, ದುಬಾರಿಯದರಲ್ಲೂ ಕೆಟ್ಟದ್ದಿದೆ, ಆರಿಸುವ ಕೆಲಸ ತಪ್ಪಿದ್ದಲ್ಲ ಎಂದರ್ಥ. ಬೆಲೆ ಏರಿದಂತೆ ಏನೂ ಸಿಗುವುದೇ ಇಲ್ಲ ಎಂದೂ ಅಲ್ಲ. ಗಟ್ಟಿಮುಟ್ಟಾದ ಮೈಕಟ್ಟು, ಚೆನ್ನಾಗಿ ಕೆಲಸ ಮಾಡುವ ಮೈಕು, ಗದ್ದಲ ತಗ್ಗಿಸುವ ವ್ಯವಸ್ಥೆ, ಗಂಟೆಗಟ್ಟಲೆ ಹಾಕಿಕೊಂಡರೂ ನೋಯದ ಆಕಾರ ಇವಕ್ಕೆಲ್ಲ ದುಡ್ಡು ಬೇಕು. ನಾದ ಮಾತ್ರ ದುಡ್ಡಿನ ಹಿಂದೆ ತಾನಾಗಿ ಬರುವುದಿಲ್ಲ.

ಇನ್ನು ಡಬ್ಬಿಯ ಮೇಲಿನ ತಮ್ಮ ಬಂಧುಬಳಗ. 13 ಮಿ.ಮೀ. ಡ್ರೈವರ್ ಎಂದು ದಪ್ಪಕ್ಷರದಲ್ಲಿರುತ್ತದೆ. ಒಳಗಿನ ಪೊರೆ ದೊಡ್ಡದಾದ ಮಾತ್ರಕ್ಕೆ ಸದ್ದು ಒಳ್ಳೆಯದಾಗುತ್ತದೆ ಎನ್ನುವುದಾದರೆ ಜಾತ್ರೆಯ ಹಾರ್ನ್ ಸ್ಪೀಕರಿನ ಮುಂದೆ ಎಲ್ಲರೂ ಕೈಮುಗಿಯಬೇಕಿತ್ತು. ಹೈ-ರೆಸ್ ಎಂಬ ಬಂಗಾರದ ಚೀಟಿ ಇನ್ನೂ ಸ್ವಾರಸ್ಯದ್ದು. ಜಪಾನಿನ ಆಡಿಯೋ ಸಂಘದ ಈ ಗುರುತು ಸಿಗಬೇಕಾದರೆ ಹೆಡ್‌ಫೋನು 40 ಕಿಲೋಹರ್ಟ್ಸ್ ತನಕ ಸದ್ದು ಹೊರಡಿಸಬೇಕು. ಮನುಷ್ಯನ ಕಿವಿ ಎಳವೆಯಲ್ಲಿ 20 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ, ವಯಸ್ಸಾದಂತೆ ಇನ್ನೂ ಕೆಳಗಿಳಿಯುತ್ತದೆ. ಉಳಿದರ್ಧ ನಮ್ಮ ತೋಟಗಳಲ್ಲಿ ಸಂಜೆ ಹುಳ ಹಿಡಿಯುವ ಸಣ್ಣ ಬಾವಲಿಗಳಿಗೆ ಕೇಳಿಸೀತು. ಅವು ಇನ್ನೂ ಆನ್‌ಲೈನ್ ಆರ್ಡರ್ ಮಾಡಲು ಕಲಿತಿಲ್ಲ. 60 ಗಂಟೆ ಬ್ಯಾಟರಿ ಎಂಬ ಲೆಕ್ಕದಲ್ಲಿ ಚಾರ್ಜಿಂಗ್ ಡಬ್ಬಿಯ ಬ್ಯಾಟರಿಯೂ ಸೇರಿರುತ್ತದೆ. ವಾಲ್ಯೂಮ್ ಅರ್ಧಕ್ಕಿಟ್ಟು ಅಳೆದದ್ದೆಂದು ಅಡಿಯಲ್ಲಿ ಇರುವೆಯಂಥ ಅಕ್ಷರ ಒಪ್ಪಿಕೊಂಡಿರುತ್ತದೆ.

ಇ.ಎನ್.ಸಿ. ಎಂಬ ಮೂರಕ್ಷರದ ಮಾಯೆಗೆ ಸ್ವಲ್ಪ ಹೆಚ್ಚು ಜಾಗ ಕೊಡಬೇಕು, ಅತಿ ಹೆಚ್ಚು ಜನ ಬೀಳುವ ಗುಂಡಿ ಅದು. ಗದ್ದಲ ಕಡಿಮೆ ಮಾಡುತ್ತದೆ ಎಂದು ಓದಿ, ಕೊಪ್ಪ–ಶೃಂಗೇರಿ ಬಸ್ಸಿನ ಎಂಜಿನ್ ಪಕ್ಕದ ಸೀಟಿನಲ್ಲಿ ಕೂತು ನೆಮ್ಮದಿಯಾಗಿ ಹಾಡು ಕೇಳಬಹುದೆಂದು ಕೊಂಡವನಿಗೆ ಎಂಜಿನ್ ಹಾಗೆಯೇ ಕೇಳಿಸುತ್ತದೆ. ಇ.ಎನ್.ಸಿ. ಕೆಲಸ ಮಾಡುವುದು ಮೈಕಿನಲ್ಲಿ. ಅದರ ಲಾಭವೆಲ್ಲ ಫೋನಿನ ಆ ತುದಿಯಲ್ಲಿರುವ ಅತ್ತೆಗೆ. ಹಾಕಿಕೊಂಡವನ ಕಿವಿಗೆ ಗದ್ದಲ ತಗ್ಗಿಸುವುದು ಎ.ಎನ್.ಸಿ. ಎಂಬ ಬೇರೆಯೇ ವ್ಯವಸ್ಥೆ. ಅದೂ ಎಂಜಿನ್ನಿನ ಗುಂಯ್ ಎನ್ನುವಂಥ ಒಂದೇ ಸಮನೆಯ ತಗ್ಗು ಸದ್ದನ್ನಷ್ಟೇ ಚೆನ್ನಾಗಿ ಅಡಗಿಸುತ್ತದೆ. ಶೀಟಿನ ಮಾಡಿನ ಮೇಲೆ ಸುರಿಯುವ ಆಷಾಢದ ಮಳೆಯ ಮುಂದೆ ಅದರ ಆಟ ಅಷ್ಟಕ್ಕಷ್ಟೆ. ‘45 ಡೆಸಿಬಲ್ ವರೆಗೆ’ ಎಂದು ಬರೆದಾಗ ಕಣ್ಣಿಡಬೇಕಾದದ್ದು 45ರ ಮೇಲಲ್ಲ, ವರೆಗೆ ಎಂಬ ಮಾತಿನ ಮೇಲೆ. ಎಲ್ಲಿ ಅತಿ ಹೆಚ್ಚು ತಗ್ಗುತ್ತದೋ ಆ ಒಂದು ಸ್ವರದ ಅಂಕಿ ಅದು.

ನೀರಿನ ವಿಚಾರದಲ್ಲಂತೂ ತಾವು ತಪ್ಪು ಊರಿಗೆ ಬಂದಿದ್ದೀರಿ. ಮಳೆ ಬೇಕಾದಾಗ ಬರಿಸಲೂ ಸಾಕಾದಾಗ ನಿಲ್ಲಿಸಲೂ ಕಿಗ್ಗದ ಋಷ್ಯಶೃಂಗನಿಗೆ ಮೊರೆಹೋಗುವ ಜನಕ್ಕೆ ನೀರು ತಡೆಯುತ್ತದೆಂಬ ಐ.ಪಿ.ಎಕ್ಸ್.5 ಗುರುತು ತೋರಿಸುತ್ತೀರಿ. ಆ ಪರೀಕ್ಷೆಯಲ್ಲಿ ನಿಮಿಷಕ್ಕೆ 12.5 ಲೀಟರಿನಂತೆ ಕೊಳವೆಯಿಂದ ಕೆಲವು ನಿಮಿಷ ನೀರು ಹಾಯಿಸುತ್ತಾರೆ, ಅದೂ ಹೊಚ್ಚ ಹೊಸ ವಸ್ತುವಿಗೆ, ತಿಳಿನೀರಿನಲ್ಲಿ. ಕಪಾಟಿನಲ್ಲಿಟ್ಟ ಚಪ್ಪಲಿಗೂ ಬೂಸ್ಟು ಹಿಡಿಸುವ ಮೂರು ತಿಂಗಳ ತೇವವನ್ನು ಅದು ಅಳೆಯುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆಂದು ಮರದ ಮೇಲಿನಿಂದ ಹೊಡೆಯುವಾಗ ತಲೆಯ ಮೇಲೆ ಸುರಿಯುವ ಮೈಲುತುತ್ತ ಸುಣ್ಣದ ನೀರನ್ನೂ ಅಳೆಯುವುದಿಲ್ಲ. ಆ ಅಂಕಿ ಹೆಚ್ಚಾಗಿ ಬಡ್‌ಗೆ ಮಾತ್ರ ಅನ್ವಯ, ಅದನ್ನಿಡುವ ಡಬ್ಬಿಗಲ್ಲ. ಒದ್ದೆ ಬಡ್ಡನ್ನು ಹಾಗೇ ಡಬ್ಬಿಗೆ ಹಾಕಿ ಚಾರ್ಜಿಗಿಟ್ಟವನ ಕಾಂಟ್ಯಾಕ್ಟ್ ಹಸಿರುಗಟ್ಟಿದರೆ ವಾರಂಟಿ ಕಾರ್ಡು ಅವನ ಕಡೆಗೇ ಬೆರಳು ತೋರಿಸುತ್ತದೆ.

ಹಾಗಾದರೆ ಡಬ್ಬಿಯಲ್ಲಿ ಇಲ್ಲದ್ದು ಯಾವುದು? ಒಂದು, ತಗ್ಗು, ನಡು, ತಾರ ಸ್ವರಗಳನ್ನು ಎಷ್ಟೆಷ್ಟು ಬಿಡಲಾಗಿದೆ ಎಂಬ ಹದ. ಬಡಗುತಿಟ್ಟಿನ ಯಕ್ಷಗಾನದ ರೆಕಾರ್ಡಿಂಗ್ ಹಾಕಿ ನೋಡಿದರೆ ಇದು ತಕ್ಷಣ ಗೊತ್ತಾಗುತ್ತದೆ. ಭಾಗವತರ ದನಿ ನಡುಸ್ವರಗಳಲ್ಲಿರುತ್ತದೆ, ಚಂಡೆಯ ಪೆಟ್ಟು ಮೇಲಕ್ಕೆ ಚಿಮ್ಮುತ್ತದೆ. ತಾವು ಶಿಫಾರಸು ಮಾಡುವ ‘ಎಕ್ಸ್‌ಟ್ರಾ ಬೇಸ್’ ಇಯರ್‌ಬಡ್ಡಿನಲ್ಲಿ ಮದ್ದಲೆ ಡ್ರಮ್ಮಿನಂತೆ ಗುದ್ದುತ್ತದೆ, ಚಂಡೆ ಕಿವಿಗೆ ಚುಚ್ಚುತ್ತದೆ, ಪದ್ಯದ ಸಾಹಿತ್ಯ ಎರಡರ ನಡುವೆ ಹೂತುಹೋಗುತ್ತದೆ. 1990ರಲ್ಲಿ ತೀರಿಕೊಂಡ ಭಾಗವತ ಕಾಳಿಂಗ ನಾವಡರ ಹಾಡುಗಾರಿಕೆ ನಮಗೆ ಉಳಿದು ಬಂದಿರುವುದು ಬಹುಪಾಲು ಕ್ಯಾಸೆಟ್ಟುಗಳಿಂದ. ಆ ಹಳೆಯ ಟೇಪಿನ ಸುಯ್ ಸದ್ದನ್ನು 990 ಕೆ.ಬಿ.ಪಿ.ಎಸ್. ವೇಗದ ಬ್ಲೂಟೂತ್ ಕೋಡೆಕ್ಕಿನಲ್ಲಿ ಕೇಳಿದರೆ ಸುಯ್ ಎನ್ನುವುದೇ ಸ್ಪಷ್ಟವಾಗಿ ಕೇಳೀತು. ಅದರ ಬದಲು ನಡುಸ್ವರವನ್ನು ಮುಚ್ಚದ ಹದವಿರುವ ಸಾವಿರ ರೂಪಾಯಿಯ ಇಯರ್‌ಫೋನ್ ಸಾಕು. ಕಿವಿಯ ರುಚಿ ಒಬ್ಬೊಬ್ಬರದು ಒಂದೊಂದು, ಇದಕ್ಕೆಲ್ಲ ಅಳತೆಗೋಲು ಇಡುವುದು ಹೇಗೆ ಎಂದು ತಾವು ತಗಾದೆ ತೆಗೆಯಬಹುದು. ಹರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಜೊತೆಗಾರರು ಯಾವ ಹೆಡ್‌ಫೋನ್ ಎಂಬ ಗುರುತು ತಿಳಿಯದಂತೆ ಕೇಳಿಸಿ ಪರೀಕ್ಷೆ ಮಾಡಿದಾಗ ಹೆಚ್ಚಿನವರು ಸುಮಾರಾಗಿ ಒಂದೇ ಬಗೆಯ ಹದವನ್ನು ಮೆಚ್ಚಿದರು. ಬೇಸ್ ಇಷ್ಟು ಬೇಕು ಅಷ್ಟು ಬೇಡ ಎಂಬ ವ್ಯತ್ಯಾಸ ಉಳಿಯಿತು, ನಿಜ. ಅದಕ್ಕೆ ಹೆಚ್ಚಿನ ಫೋನುಗಳಲ್ಲಿ ಈಕ್ವಲೈಜರ್ ಇದೆ, ಅದು ಬಿಟ್ಟಿ. ಬಿಟ್ಟಿಯದಕ್ಕೆ ಗೀಟು ಹೊಡೆಯಲಾಗದು, ಆದ್ದರಿಂದ ತಮಗೆ ಅದರ ಪರಿಚಯವಿರಲಿಕ್ಕಿಲ್ಲ.

ಎರಡನೆಯದು ಕಿವಿಗೆ ಕೂರುವ ಬಿಗಿ. ರಬ್ಬರ್ ತುದಿ ಕಿವಿಯ ದಾರಿಯನ್ನು ಪೂರ್ತಿ ಮುಚ್ಚದಿದ್ದರೆ ಎಂಥ ಇಯರ್‌ಫೋನಿನಲ್ಲೂ ಮೊದಲು ಓಡಿಹೋಗುವುದು ಬೇಸ್. ಸದ್ದು ತೆಳ್ಳಗಾಯಿತೆಂದು ವಸ್ತುವನ್ನೇ ಬದಲಾಯಿಸುವ ಮುನ್ನ ಡಬ್ಬಿಯೊಳಗಿನ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಮುಟ್ಟದೆ ಉಳಿದ ಬೇರೆ ಅಳತೆಯ ತುದಿಗಳನ್ನು ಹಾಕಿ ನೋಡಬೇಕು. ಎಡಕ್ಕೊಂದು ಅಳತೆ ಬಲಕ್ಕೊಂದು ಅಳತೆ ಬೇಕಾಗುವವರೂ ಇದ್ದಾರೆ. ಈ ಬಿಗಿಯ ಬೆಲೆ ಸಂಗೀತಕ್ಕಿಂತ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು 80 ಡೆಸಿಬಲ್ಲಿನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5, 92ಕ್ಕೆ ಎರಡೂವರೆ. ಸಡಿಲವಾಗಿ ಕೂತ ಇಯರ್‌ಬಡ್ ಹಾಕಿ ಬಸ್ಸಿನಲ್ಲಿ ಕೂತವನು ಎಂಜಿನ್ನನ್ನು ಮೀರಿಸಲು ವಾಲ್ಯೂಮ್ ಏರಿಸುತ್ತಾನೆ, ವಾರದ ಪಾಲು ಸೋಮವಾರವೇ ಖರ್ಚಾಗುತ್ತದೆ. ಕಳೆ ಹೊಡೆಯುವ ಯಂತ್ರ ಬೆನ್ನಿಗೇರಿಸಿಕೊಂಡು ಇಯರ್‌ಬಡ್ಡಿನಲ್ಲಿ ಹಾಡು ಕೇಳುವವರ ಪಾಡು ಇನ್ನೂ ಕೆಟ್ಟದ್ದು. ಆ ಯಂತ್ರದ ಸದ್ದೇ 90 ಡೆಸಿಬಲ್ ದಾಟುತ್ತದೆ, ಅದರ ಮೇಲೆ ಹಾಡು. ಅಲ್ಲಿ ಬೇಕಾದದ್ದು ಕಿವಿ ಮುಚ್ಚುವ ಇಯರ್‌ಮಫ್, ಹಾಡಲ್ಲ.

ಇಷ್ಟನ್ನು ಒಪ್ಪಿದರೆ ಕಡಿಮೆ ದುಡ್ಡಿನವನಿಗೆ ತಂತಿಯದ್ದೇ ಮೊದಲ ಆಯ್ಕೆ ಎಂಬುದು ತಾನಾಗಿ ಬರುತ್ತದೆ. ಅದರ ಬೆಲೆಯಲ್ಲಿ ಮೂರು ಬ್ಯಾಟರಿ, ಬ್ಲೂಟೂತ್ ಚಿಪ್ಪು, ಒಂದು ಡಬ್ಬಿ ಪಾಲು ಕೇಳುವುದಿಲ್ಲ. ಕೆಝಡ್, ಟ್ಯಾಂಗ್ಜು, ಮೂನ್‌ಡ್ರಾಪ್‌ನಂಥ ಚೀನಾ ಕಂಪನಿಗಳ, ತಂತಿ ಕಳಚಿ ಬೇರೆ ಹಾಕಬಹುದಾದ ಇಯರ್‌ಫೋನುಗಳು ಎರಡು ಸಾವಿರದ ಆಸುಪಾಸಿನಲ್ಲೂ ಅದರ ಕೆಳಗೂ ಸಿಗುತ್ತವೆ. ತಂತಿ ಹೋದರೆ ತಂತಿ ಮಾತ್ರ ಕೊಂಡರಾಯಿತು. ಗಾಳಿ ಎದ್ದರೆ ಕರೆಂಟು, ಕರೆಂಟಿನ ಹಿಂದೆಯೇ ಟವರು ಹೋಗುವ ದಿನಗಳಲ್ಲಿ ಚಾರ್ಜು ಕೇಳದ ವಸ್ತುವೊಂದು ಮನೆಯಲ್ಲಿರುವುದು ಒಳ್ಳೆಯದೇ. ಫೋನಿನಲ್ಲಿ ಎಫ್.ಎಂ. ಇದ್ದರೆ ಇದೇ ತಂತಿ ಆಂಟೆನಾ ಆಗುತ್ತದೆ, ತರಂಗ ಸಿಗುವ ಗುಡ್ಡದ ಮೇಲೆ ಭದ್ರಾವತಿ ಆಕಾಶವಾಣಿ ಡೇಟಾ ಇಲ್ಲದೆ ಮಾತಾಡುತ್ತದೆ. ಫೋನುಗಳಲ್ಲಿ ಎಫ್.ಎಂ. ಮುಚ್ಚಬೇಡಿ ಎಂದು ಕೇಂದ್ರದ ಐ.ಟಿ. ಸಚಿವಾಲಯ 2023ರಲ್ಲಿ ತಯಾರಕರಿಗೆ ಸಲಹೆ ಕೊಟ್ಟದ್ದೂ ಆಪತ್ತಿನ ಕಾಲದ ಈ ಉಪಯೋಗ ನೋಡಿಯೇ.

ಹೊಸ ಫೋನಿನಲ್ಲಿ ತಂತಿ ಚುಚ್ಚುವ ತೂತೇ ಇಲ್ಲವಲ್ಲ ಎಂದು ತಾವು ನಗುತ್ತಿದ್ದೀರಿ, ಕೇಳಿಸಿತು. 2016ರಲ್ಲಿ ಆಪಲ್ ಐಫೋನ್ 7ರಿಂದ 3.5 ಮಿ.ಮೀ. ಜಾಕ್ ಕಿತ್ತುಹಾಕಿತು, ಅದೇ ವೇದಿಕೆಯಲ್ಲಿ ತಂತಿಯಿಲ್ಲದ ಏರ್‌ಪಾಡ್ಸ್ ತೋರಿಸಿತು. ತೂತು ಮುಚ್ಚಿದವರೇ ಮದ್ದನ್ನೂ ಮಾರಿದರು. ಒಳಗೆ ಡಿಜಿಟಲ್ ಅಂಕಿಗಳನ್ನು ಸದ್ದಿನ ಸಂಕೇತವಾಗಿಸುವ ಡಿ.ಎ.ಸಿ. ಚಿಪ್ ಇರುವ ಟೈಪ್-ಸಿ ಕನೆಕ್ಟರ್ ಕೆಲವು ನೂರು ರೂಪಾಯಿಗೆ ಬರುತ್ತದೆ. ಚಿಪ್ ಇಲ್ಲದ ಅಗ್ಗದ್ದು ಎಷ್ಟೋ ಫೋನುಗಳಲ್ಲಿ ಮಾತೇ ಆಡುವುದಿಲ್ಲ, ಆದ್ದರಿಂದ ಅಂಗಡಿಯಲ್ಲೇ ಚುಚ್ಚಿ ನೋಡುವುದು ಲೇಸು. ತೋಟದ ಕೆಲಸದಲ್ಲಿ ತಂತಿ ಕಾಫಿ ಗಿಡದ ರೆಕ್ಕೆಗೆ ಸಿಕ್ಕಿಹಾಕಿಕೊಳ್ಳುತ್ತದೆ ಎಂಬ ಆಕ್ಷೇಪಕ್ಕೆ ನಮ್ಮಲ್ಲಿ ಪ್ರತ್ಯುತ್ತರವಿಲ್ಲ, ಅದು ನಿಜ. ಅಲ್ಲಿಗೆ ನೆಕ್‌ಬ್ಯಾಂಡ್ ಸರಿ. ಕಿವಿಯಿಂದ ಜಾರಿದರೂ ಕುತ್ತಿಗೆಯಲ್ಲಿ ಉಳಿಯುತ್ತದೆ, ಬ್ಯಾಟರಿಯೂ ಬಡ್‌ಗಿಂತ ದೊಡ್ಡದು. ಬಿಡಿ ಬಡ್ಡುಗಳು ಶಹರದ ಮೆಟ್ರೋದಲ್ಲಿ ಹೇಗೋ ಏನೋ, ಇಲ್ಲಿ ಒಂದು ದರಗಿನೊಳಗೆ ಬಿದ್ದರೆ ಅದನ್ನು ಹುಡುಕಿಕೊಡುವ ಶಕ್ತಿ ಇಂಬಳಕ್ಕೂ ಇಲ್ಲ. ಉಳಿದ ಒಂಟಿ ಬಡ್ ಹಿಡಿದು ಸರ್ವಿಸ್ ಸೆಂಟರ್ ಎಲ್ಲಿ ಎಂದು ಹುಡುಕಿದರೆ ಫೋನು ಶಿವಮೊಗ್ಗವನ್ನೋ ಚಿಕ್ಕಮಗಳೂರನ್ನೋ ತೋರಿಸುತ್ತದೆ. ಒಂದು ದಿನದ ಕೂಲಿ, ಬಸ್ ಚಾರ್ಜು, ಮಧ್ಯಾಹ್ನದ ಊಟ ಸೇರಿದರೆ ಹೊಸದೇ ಬಂದೀತು. ಆ ಲೆಕ್ಕವೂ ತಮ್ಮ ಮಗ್ಗುಲಲ್ಲಿ ಎಲ್ಲೂ ಅಚ್ಚಾಗಿರುವುದಿಲ್ಲ.

ತಾವು ಹೊರಟುಹೋಗಿ ಎಂದು ಕೇಳುವಷ್ಟು ದಡ್ಡರು ನಾವಲ್ಲ, ದೀಪಾವಳಿ ವರ್ಷವರ್ಷವೂ ಬರುತ್ತದೆ. ಡಬ್ಬಿಯ ಒಂದು ಮೂಲೆಯಲ್ಲಿ ಸ್ವಲ್ಪ ಜಾಗ ಬಿಟ್ಟುಕೊಟ್ಟರೆ ಸಾಕು. ಅಲ್ಲಿ ಸ್ವರಗಳ ನಕ್ಷೆ ಹಾಕಲಿ, ಒಳಗೆ ಎಷ್ಟು ಅಳತೆಯ ತುದಿಗಳಿವೆ ಎಂದು ಬರೆಯಲಿ, ಎರಡು ವರ್ಷದ ಮೇಲೆ ಬ್ಯಾಟರಿ ಬದಲಾಯಿಸಲು ಬರುತ್ತದೋ ಇಲ್ಲವೋ ಎಂದು ಒಂದು ಮಾತಿನಲ್ಲಿ ಹೇಳಲಿ, ಒಂಟಿ ಬಡ್ ಕಳೆದರೆ ಅದೊಂದಕ್ಕೆ ಎಷ್ಟು ಎಂದು ತಿಳಿಸಲಿ. ಉತ್ತರ ಬರೆಯುವ ಮನಸ್ಸಾದರೆ ಅಂಚೆಯಲ್ಲೇ ಹಾಕಿ. ಮಳೆಗಾಲದಲ್ಲಿ ನಮಗೆ ಟವರಿಗಿಂತ ಪೋಸ್ಟ್‌ಮ್ಯಾನ್ ಮೇಲೆ ನಂಬಿಕೆ ಜಾಸ್ತಿ.

ಇಂತಿ,
ಕೊಪ್ಪ, ಶೃಂಗೇರಿ, ಎನ್.ಆರ್.ಪುರ ತಾಲ್ಲೂಕುಗಳ ಕಿವಿಗಳ ಪರವಾಗಿ