ಡಿಸಿ ಸಾಹೇಬರ ಜೊತೆ ಅರ್ಧ ಗಂಟೆ

ಡಿಸಿ ಅಂದ ಕೂಡಲೇ ಗೂಟದ ಕಾರು ನೆನಪಾಗುವವರು ಬೆಂಗಳೂರಿನ ಪೀಣ್ಯದ ಕಡೆ ಬಂದವರಲ್ಲ. ಇಲ್ಲಿ ಡಿಸಿ ಅಂದರೆ ಡೆಲಿವರಿ ಚಲನ್. ಒಂದು ಶೆಡ್ಡಿನಲ್ಲಿ ಲೇತ್, ಎರಡು ರಸ್ತೆ ಆಚೆ ಹೀಟ್ ಟ್ರೀಟ್‌ಮೆಂಟ್, ಯಾವುದೋ ಅಡ್ಡರಸ್ತೆಯಲ್ಲಿ ಗ್ರೈಂಡಿಂಗ್, ಕೊನೆಗೆ ಬ್ಲ್ಯಾಕನಿಂಗ್. ಒಂದು ಶಾಫ್ಟ್ ಆಳಾಗಬೇಕಾದರೆ ನಾಲ್ಕು ಮನೆ ಉಣ್ಣಬೇಕು. ಮನೆಯಿಂದ ಮನೆಗೆ ಅದರ ಕೈಹಿಡಿದು ಹೋಗುವ ಚೀಟಿಯೇ ಡಿಸಿ.

ನಾಲ್ಕೂ ಮನೆಯವರು ಕೂಡಿ ಒಂದೇ ಸಾಫ್ಟ್‌ವೇರ್ ಹಾಕಿಸಿಕೊಂಡಿದ್ದಾರೆ, ಇನ್ನು ಎಲ್ಲರ ಮಾಹಿತಿಯೂ ಎಲ್ಲರಿಗೂ ಎಂದು ಕೇಳಿ, ಸಾಹೇಬರಿಗೆ ನಿವೃತ್ತಿಯ ಚಿಂತೆ ಹತ್ತಿರಬಹುದೆಂದು ನೋಡಲು ಹೋದೆ. ಅವರು ಮೇಜಿನ ಮೇಲೆ ಕಾರ್ಬನ್ ಹಾಳೆ ಹೊದ್ದು ಮಲಗಿದ್ದರು. ರಟ್ಟಿನ ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಮಾಸಿರಲಿಲ್ಲ. ಪಕ್ಕದ ಕಂಪ್ಯೂಟರಿಗೂ ಅಷ್ಟೇ ಕುಂಕುಮ ಹಚ್ಚಿದ್ದರು.

ನಾನು: ನಮಸ್ಕಾರ ಸಾಹೇಬ್ರೆ. ಒಂದೆರಡು ಪ್ರಶ್ನೆ ಇತ್ತು.

ಡಿಸಿ: ಯಾರನ್ನ ಕೇಳ್ತೀರಿ? ನಾವು ಮೂರು ಜನ. ಜಿಎಸ್‌ಟಿ ನಿಯಮದ ಪ್ರಕಾರ ಒಂದು ಪ್ರತಿ ಮಾಲು ತಲುಪುವವರಿಗೆ, ಎರಡನೆಯದು ಸಾಗಿಸುವವನಿಗೆ, ಮೂರನೆಯದು ಕಳಿಸಿದವರಿಗೆ. ಮೂರನೆಯವನನ್ನ ಮಾತ್ರ ಕೇಳಬೇಡಿ. ಕಾರ್ಬನ್ ಸವೆದು, 200 ಇದ್ದದ್ದು ಅವನ ಮೈಮೇಲೆ 260 ಆಗಿದೆ. ಹೋದ ತಿಂಗಳಿಂದ ಆ ಅರವತ್ತು ಶಾಫ್ಟ್ ಹುಡುಕ್ತಾ ಇದ್ದಾರೆ.

ನಾನು: ಅದಕ್ಕೇ ತಾನೇ ಸಾಫ್ಟ್‌ವೇರ್ ಬಂದಿರೋದು?

ಡಿಸಿ: ಬಂದಿದೆ, ಬರಲಿ. ನನಗೇನು ಹೊಟ್ಟೆಕಿಚ್ಚಿಲ್ಲ. ಅದರಲ್ಲಿ ಎಷ್ಟು ಹೋಯ್ತು, ಎಷ್ಟು ಬಂತು, ಎಷ್ಟು ರಿಜೆಕ್ಟ್ ಆಯ್ತು, ಎಲ್ಲಾ ಇದೆ. ಷರಾ ಅಂತಲೂ ಒಂದು ಕಾಲಂ ಇದೆ. ಅಲ್ಲಿ ಏನಿದೆ ಓದಿ.

(ಓದಿದೆ. ಮೇಲಿಂದ ಕೆಳಗಿನವರೆಗೂ ‘ಓಕೆ, ಓಕೆ, ಓಕೆ’ ಎಂದಿತ್ತು.)

ಡಿಸಿ: ಈಗ ನನ್ನನ್ನ ಮಗುಚಿ ಹಾಕಿ.

(ಹಿಂಬದಿಯಲ್ಲಿ ಎಣ್ಣೆಕೈಯಲ್ಲಿ ಪೆನ್ಸಿಲ್ ಹಿಡಿದು ಬರೆದದ್ದು: ‘ಗ್ರೈಂಡಿಂಗ್‌ಗೆ 0.3 ಬಿಡಿ. ಹೋದ ಸಲ 0.2 ಬಿಟ್ಟು ಕೆಟ್ಟೆವು. ಗಟ್ಟಿ ಮಾಡುವಾಗ ಬಾಗುತ್ತೆ. ಕುಲುಮೆಯಲ್ಲಿ ನಿಲ್ಲಿಸಿ ಇಡಲು ಹೇಳಿ, ಮಲಗಿಸಬಾರದು.’)

ನಾನು: ಇದನ್ನ ಆ ಷರಾ ಕಾಲಂನಲ್ಲಿ ಹಾಕಬಹುದಲ್ವೆ?

ಡಿಸಿ: ಹಾಕಬಹುದು. ಹಾಕಿದರೆ ನಾಲ್ಕೂ ಮನೆಯವರು ಓದ್ತಾರೆ, ಮಾಲು ಕೊಳ್ಳೋ ದೊಡ್ಡ ಕಂಪನಿಯವರೂ ಓದ್ತಾರೆ. ನಿಲ್ಲಿಸಿ ಇಡೋ ಹೀಟ್ ಟ್ರೀಟ್‌ಮೆಂಟ್‌ನವನು ಯಾರು ಅಂತ ವಿಚಾರಿಸ್ತಾರೆ. ಸೀದಾ ಅವನಿಗೇ ಫೋನ್ ಮಾಡ್ತಾರೆ. ನಮ್ಮ ಓನರು ನಡುವೆ ನಿಂತು ಬಾಯಿ ಬಾಯಿ ಬಿಡಬೇಕು. ಅದಕ್ಕೇ ಹೆಸರು ಕೇಳೋ ಜಾಗದಲ್ಲಿ ‘ಹೊರಗಡೆ’ ಅಂತ ತುಂಬಿಸಿದ್ದಾರೆ. ಮಾಲು ಇವರ ಶೆಡ್ಡಿಗೆ ಬಂದ ತಕ್ಷಣ ಅವನ ಡಿಸಿ ತೆಗೆದು ಒಳಗಿಟ್ಟು, ಇವರ ಡಿಸಿ ಹಾಕಿ ಮುಂದಕ್ಕೆ ಕಳಿಸ್ತಾರೆ. ಈ ನಾಲ್ಕು ಮನೆಯವರಲ್ಲಿ ಪಕ್ಕದವರ ಮಾಹಿತಿ ಬೇಡ ಅಂದವರನ್ನ ನಾನು ನೋಡಿಲ್ಲ, ತಮ್ಮದನ್ನ ಕೊಟ್ಟವರನ್ನೂ ನೋಡಿಲ್ಲ. ಚಂದಾ ಮಾತ್ರ ನಾಲ್ಕೂ ಜನ ಸಮನಾಗಿ ಕಟ್ಟಿದ್ದಾರೆ.

ನಾನು: ಡ್ರಾಯಿಂಗ್‌ಗಳಾದರೂ ಒಂದು ಕಡೆ ಸೇರಿವೆಯಂತೆ?

ಡಿಸಿ: ಸೇರಿವೆ. ಆದರೆ ಪಾಸ್‌ವರ್ಡ್ ಅಕೌಂಟ್ಸ್ ಮೇಡಂ ಹತ್ರ ಇದೆ, ಮೇಡಂ ತಂಗಿ ಮದುವೆಗೆ ಊರಿಗೆ ಹೋಗಿದ್ದಾರೆ. ಹಾಗಾಗಿ ಮೊನ್ನೆ ಡ್ರಾಯಿಂಗ್ ವಾಟ್ಸ್‌ಆ್ಯಪ್‌ನಲ್ಲೇ ಬಂತು. ಫೋಟೊ ತೆಗೆದ ಪುಣ್ಯಾತ್ಮನ ಹೆಬ್ಬೆರಳು ಕೆಳಗೆ ಬಲಮೂಲೆಯಲ್ಲಿ ಕೂತಿತ್ತು. ರೆವಿಷನ್ ಅಕ್ಷರ ಇರೋದು ಅಲ್ಲೇ ಅಲ್ವೇ? ಇವರು ಹಳೇ ಬಿ ಅಂದುಕೊಂಡರು. ಅದು ಸಿ. ಬಿಯಲ್ಲಿ ಇಲ್ಲದಿದ್ದ ಎಚ್6 ಸಿಯಲ್ಲಿ ಬಂದಿತ್ತು. 25 ಮಿ.ಮೀ. ಶಾಫ್ಟಿಗೆ ಎಚ್6 ಅಂದರೆ ಏನು ಗೊತ್ತಾ? 25ಕ್ಕಿಂತ ಒಂದು ಕೂದಲೂ ದಪ್ಪ ಇರಬಾರದು, ಸಣ್ಣ ಆದರೆ 13 ಮೈಕ್ರಾನ್ ಒಳಗೆ. ಕೂದಲು ಅಂದೆನಲ್ಲ, ಅದನ್ನೇ ಉದ್ದಕ್ಕೆ ಐದು ಸೀಳಿದರೆ ಒಂದು ಸೀಳು. ಒಂದು ಹೆಬ್ಬೆರಳಿನ ಅಡಿ 13 ಮೈಕ್ರಾನ್ ಹೋಯ್ತು, ಜೊತೆಗೆ 200 ಶಾಫ್ಟೂ ಹೋಯ್ತು. ಆ ಗ್ರೂಪಿನ ಹೆಸರು ‘ಕ್ವಾಲಿಟಿ ಫಸ್ಟ್’. ಆವತ್ತು ಬೆಳಿಗ್ಗೆ ಅದರಲ್ಲಿ ಹನ್ನೊಂದು ಗುಡ್ ಮಾರ್ನಿಂಗ್ ಇತ್ತು.

ನಾನು: ಐಎಸ್‌ಒನವರು ಇದನ್ನೆಲ್ಲ ಕೇಳೋದಿಲ್ವೆ? 9001ರ 2015ರ ಆವೃತ್ತಿಯಲ್ಲಿ ಸಂಸ್ಥೆಯ ಜ್ಞಾನವನ್ನು ಕಾಪಾಡಿಕೊಳ್ಳಬೇಕೆಂದು 7.1.6 ಎಂಬ ಅಂಶವನ್ನೇ ಸೇರಿಸಿದ್ದಾರೆ.

ಡಿಸಿ: ಕೇಳಿದರು. ಆಡಿಟರ್ ಬಂದು, ‘ನಿಮ್ಮ ಸಂಸ್ಥೆಯ ಜ್ಞಾನ ಎಲ್ಲಿದೆ?’ ಅಂದರು. ಓನರು ನೀಲಿ ಫೈಲ್ ತೋರಿಸಿದರು. ಅದರೊಳಗಿದ್ದದ್ದು ಬೇರೆ ಯಾವುದೋ ಕಂಪನಿಯ ಫೈಲಿನ ಜೆರಾಕ್ಸ್. ಒಂದು ಕಡೆ ಹೆಸರು ತಿದ್ದೋದು ಮರೆತಿದ್ದರು. ಸಂಸ್ಥೆಯ ಜ್ಞಾನ ಆಗ ಶೆಡ್ಡಿನಲ್ಲಿ ಇರಲಿಲ್ಲ. ಆಡಿಟರಿಗೆ ಟೀ ತರೋಕೆ ಹೋಗಿತ್ತು.

ನಾನು: ಅಂದರೆ?

ಡಿಸಿ: ನಮ್ಮ ಹಳೇ ಟರ್ನರು. ನನ್ನ ಬೆನ್ನ ಮೇಲೆ ಪೆನ್ಸಿಲಲ್ಲಿ ಬರೆಯೋರು ಅವರೇ. ಟೂಲ್ ಕೂಗೋ ದನಿ ಕೇಳಿ ಮೊನೆ ಹೋಗಿದೆ ಅಂತಾರೆ.

ನಾನು: ಜಪಾನಿನಲ್ಲಿ ಒಂದು ಕಥೆಯಿದೆ. 1985ರ ಸುಮಾರಿಗೆ ಮತ್ಸುಶಿತ ಕಂಪನಿಯವರು ಮನೆಯಲ್ಲೇ ಬ್ರೆಡ್ ಮಾಡುವ ಯಂತ್ರ ತಯಾರಿಸುತ್ತಿದ್ದರು. ಹಿಟ್ಟು ಸರಿಯಾಗಿ ನಾದಲು ಬರುತ್ತಿರಲಿಲ್ಲ. ಅವರ ಕಡೆಯ ಹೆಣ್ಣುಮಗಳೊಬ್ಬಳು ಒಸಾಕಾದ ಹೋಟೆಲೊಂದರ ಬ್ರೆಡ್ ಬಾಣಸಿಗರ ಹತ್ತಿರ ಕಲಿಯಲು ನಿಂತಳು. ಅವರು ಹಿಟ್ಟನ್ನು ಎಳೆಯುತ್ತಲೇ ತಿರುಚುತ್ತಾರೆಂದು ಅವಳ ಕಣ್ಣಿಗೆ ಬಿತ್ತು. ಎಂಜಿನಿಯರುಗಳು ಯಂತ್ರಕ್ಕೂ ಅದನ್ನೇ ಕಲಿಸಿದರು. ನೊನಾಕಾ ಎಂಬ ಪ್ರಾಧ್ಯಾಪಕರು ಇದನ್ನು ಬರೆದು ಜಗತ್ತಿಗೆಲ್ಲ ತಿಳಿಸಿದರು. ನಿಮ್ಮಲ್ಲೂ ಯಾರನ್ನಾದರೂ ಟರ್ನರ ಪಕ್ಕ ನಿಲ್ಲಿಸಬಹುದಿತ್ತು.

ಡಿಸಿ: ನಿಲ್ಲಿಸಿದರಲ್ಲ! ಐಟಿಐ ಮುಗಿಸಿದ ಹುಡುಗ, ಚುರುಕು. ಎರಡು ವರ್ಷ ನಿಂತು ಕಲಿತ. ಕಲಿತಾದ ಮೇಲೆ ಪಕ್ಕದ ಶೆಡ್ಡಿನವರು ತಿಂಗಳಿಗೆ ಎರಡು ಸಾವಿರ ಜಾಸ್ತಿ ಕೊಟ್ಟು ಕರ್ಕೊಂಡು ಹೋದರು. ಪೀಣ್ಯದಲ್ಲಿ ವಿದ್ಯೆ ಹಂಚಿಕೆ ಆಗಲ್ಲ ಅಂತ ಮಾತ್ರ ಹೇಳಬೇಡಿ. ಭರ್ಜರಿಯಾಗಿ ಆಗುತ್ತೆ, ಪ್ರತಿ ಏಪ್ರಿಲ್‌ನಲ್ಲಿ.

(ಇಷ್ಟು ಹೇಳಿ ಸಾಹೇಬರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಫ್ಯಾನಿನ ಗಾಳಿಗೆ ಎರಡು ಹಾಳೆ ಮಗುಚಿದವು.)

ಡಿಸಿ: ಜಾಬ್ ವರ್ಕಿಗೆ ಹೋದ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು, ಇಲ್ಲದಿದ್ದರೆ ಟ್ಯಾಕ್ಸ್ ಕಟ್ಟಬೇಕು. ಜಿಎಸ್‌ಟಿ ಕಾನೂನಿನಲ್ಲೇ ಇದೆ, 143ನೇ ಸೆಕ್ಷನ್. ಒಂದು ಕಬ್ಬಿಣದ ತುಂಡಿಗೆ ಅಷ್ಟು ಕಾವಲು. ಹೋದ ಹುಡುಗನಿಗೆ ಯಾವ ಸೆಕ್ಷನ್ನೂ ಇಲ್ಲ.

ನಾನು: ಟರ್ನರು ನಿವೃತ್ತರಾದ ಮೇಲೆ?

ಡಿಸಿ: ಅದಕ್ಕೇ ಈಗ ಹಳೇ ಡಿಸಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸ್ತಿದ್ದಾರೆ. ಎಂಟು ವರ್ಷದ ಪುಸ್ತಕ, ಮೂವತ್ತು ಕಟ್ಟು. ಹೊಸ ಹುಡುಗನ್ನ ಇಟ್ಟಿದ್ದಾರೆ. ಅಲ್ಲೇ ಮೂಲೆಯಲ್ಲಿ ಕೂತಿದ್ದಾನೆ ನೋಡಿ.

ನೋಡಿದೆ. ಹುಡುಗ ಶ್ರದ್ಧಾವಂತ. ಹಾಳೆ ಎತ್ತಿ, ಸುಕ್ಕು ಬಿಡಿಸಿ, ಸ್ಕ್ಯಾನರಿನ ಗಾಜಿನ ಮೇಲೆ ನಂಬರಿರುವ ಮಗ್ಗುಲನ್ನು ಕೆಳಗೆ ಮಾಡಿ ಇಡುತ್ತಿದ್ದ. ಪೆನ್ಸಿಲ್ ಬರಹವಿದ್ದ ಬೆನ್ನು ಮೇಲೆ, ಅವನ ಕಣ್ಣೆದುರಿಗೇ ಇತ್ತು. ಮುಚ್ಚಳ ಮುಚ್ಚಿದ. ಬೆಳಕು ಹರಿದು ಹೋಯಿತು. ಸ್ಕ್ಯಾನ್ ಆದ ಹಾಳೆಯನ್ನು ಕಾಲ ಬಳಿಯ ಗೋಣಿಚೀಲಕ್ಕೆ ಹಾಕಿ ಮುಂದಿನದನ್ನು ಎತ್ತಿಕೊಂಡ.

ಹೊರಗೆ ಗೂಡ್ಸ್ ಆಟೊ ಹಾರ್ನ್ ಹೊಡೆಯಿತು. ಡ್ರೈವರ್ ಒಳಗೆ ಬಂದವನೇ ಸಾಹೇಬರಿಂದ ಎರಡು ಹಾಳೆ ಹರಿದು, ನಾಲ್ಕಾಗಿ ಮಡಚಿ ಅಂಗಿಯ ಜೇಬಿಗಿಟ್ಟುಕೊಂಡ. “ಸಾರ್, ಆ ಚೀಲ ರದ್ದಿಗಾ? ಹೋಗ್ತಾ ಹಾಕಿ ಹೋಗ್ಲಾ?” ಎಂದು ಹುಡುಗನನ್ನು ಕೇಳಿದ.