ಅರ್ಧ ಅಂಗುಲದ ಮೇಷ್ಟ್ರು

ಯಾವ ಕೆಲಸವೇ ಆಗಲಿ, ಅದನ್ನು ಆರಂಭಿಸುವುದಕ್ಕೆ ಮುನ್ನ ಅದಕ್ಕೆ ತಕ್ಕ ಸಲಕರಣೆ ಯಾವುದೆಂಬುದನ್ನು ನಿಷ್ಕರ್ಷೆ ಮಾಡಬೇಕು, ನಿಷ್ಕರ್ಷೆ ಪೂರೈಸುವವರೆಗೆ ಕೆಲಸ ಕಾದಿರಬೇಕು, ಕಾದಿರಲಾರದೆ ಕೆಲಸವೇ ಕೆಟ್ಟುಹೋದರೆ ಅದು ಕೆಲಸದ ದೋಷವೇ ಹೊರತು ನಿಷ್ಕರ್ಷೆಯ ದೋಷವಲ್ಲ ಎಂಬ ಮತಕ್ಕೆ ಸೇರಿದ ಮಹನೀಯರು ನಮ್ಮ ಪ್ರತಿಯೊಂದು ಊರಿನಲ್ಲಿಯೂ ಒಬ್ಬರಾದರೂ ಇರುತ್ತಾರೆ. ಶ್ರವಣಬೆಳಗೊಳದಲ್ಲಿ ಆ ಪೀಠವನ್ನು ಅಲಂಕರಿಸಿರುವವರು ನಿವೃತ್ತರಾದ ಲೆಕ್ಕದ ಮೇಷ್ಟ್ರೊಬ್ಬರು. ಅವರಿಗೆ ಸಂಗೀತ ಬಾರದು. ಸಂಗೀತವನ್ನು ಕುಳಿತು ಕೇಳುವ ವ್ಯವಧಾನವೂ ಇಲ್ಲ. ಆದರೂ ಅವರ ಉತ್ತರವಯಸ್ಸಿನ ಸಮಸ್ತ ಚಿಂತನೆಗೂ ಆಧಾರವಾಗಿರುವುದು ಒಂದು ಗಿಟಾರು.

ಗಿಟಾರು ಮಗನದು. ಹಾಸನದ ಕಾಲೇಜಿನಲ್ಲಿ ಓದುತ್ತಿದ್ದಾಗ ಕೊಂಡು, ಬೆಂಗಳೂರಿನಲ್ಲಿ ಉದ್ಯೋಗ ದೊರೆತೊಡನೆ ತಂದೆಯ ಮನೆಯ ಮೂಲೆಯಲ್ಲಿ ಒರಗಿಸಿ ಹೋದದ್ದು. ವಿದ್ಯುತ್ತಿನ ನೆರವಿನಿಂದ ಧ್ವನಿಯನ್ನು ಹಿಗ್ಗಿಸಿಕೊಳ್ಳುವ ಜಾತಿಯ ಈ ವಾದ್ಯದ ಪಕ್ಕೆಯಲ್ಲಿ, ಆಂಪ್ಲಿಫೈಯರಿಗೆ ಹೋಗುವ ತಂತಿಯನ್ನು ಚುಚ್ಚುವುದಕ್ಕೆ ಜ್ಯಾಕು ಎಂಬ ಒಂದು ರಂಧ್ರವುಂಟು. ಆ ಜ್ಯಾಕನ್ನು ಹಲಗೆಗೆ ಬಿಗಿದಿಟ್ಟಿರುವುದು ಆರು ಮೂಲೆಯ, ತೆಳುವಾದ, ಹೊಳೆಹೊಳೆಯುವ ಒಂದು ನಟ್ಟು. ಆ ನಟ್ಟು ಸಡಿಲವಾಯಿತು. ಸಡಿಲವಾದರೆ ತಂತಿಯನ್ನು ಚುಚ್ಚಿ ತೆಗೆಯುವಾಗಲೆಲ್ಲ ಜ್ಯಾಕೇ ಗರಗರನೆ ಸುತ್ತುತ್ತದೆ, ಒಳಗಿನ ಎಳೆಗಳು ಹೊಸೆದುಕೊಳ್ಳುತ್ತವೆ, ಕಡೆಗೆ ಬೆಸುಗೆ ಬಿಟ್ಟು ವಾದ್ಯ ಮೂಕವಾಗುತ್ತದೆ. ಇದಿಷ್ಟನ್ನೂ ಮೇಷ್ಟ್ರು ತಾವೇ ಪರಾಮರ್ಶಿಸಿ ತಿಳಿದುಕೊಂಡರು. ತಂತಿಯನ್ನು ಚುಚ್ಚಿ ತೆಗೆಯುವವರು ಯಾರೂ ಮನೆಯಲ್ಲಿಲ್ಲ ಎಂಬ ಸಂಗತಿ ಅವರ ಪರಾಮರ್ಶೆಯ ವ್ಯಾಪ್ತಿಗೆ ಬರಲಿಲ್ಲ.

ಬಸ್ ನಿಲ್ದಾಣದ ಬಳಿಯ ಸೈಕಲ್ ಷಾಪಿನವನು ಉಪಕಾರ ಬುದ್ಧಿಯಿಂದ, “ಕೊಡಿ ಮೇಷ್ಟ್ರೇ, ಕಟಿಂಗ್ ಪ್ಲೇಯರಲ್ಲಿ ಒಂದು ಸಲ ಹಿಡಿದು ತಿರುಗಿಸಿಬಿಟ್ಟರೆ ಆಯ್ತು” ಎಂದು ಕೈ ನೀಡಿದ. ಮೇಷ್ಟ್ರು ವಾದ್ಯವನ್ನು ಎದೆಗೆ ಅವಚಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಕಟಿಂಗ್ ಪ್ಲೇಯರಿಗೆ ಹಲ್ಲುಂಟು. ಆ ಹಲ್ಲು ಆರು ಮೂಲೆಗಳನ್ನೂ ಕಚ್ಚಿ ದುಂಡಗೆ ಮಾಡುತ್ತದೆ. ಜಾರಿದರೆ ಹಲಗೆಯ ಮೆರುಗಿನ ಮೇಲೆ ಬೀಳುವ ಗೀರು ಜನ್ಮಕ್ಕೂ ಹೋಗುವುದಿಲ್ಲ. ಅಲ್ಲದೆ ಒಳಗಿನ ಜ್ಯಾಕನ್ನು ಅಲುಗದಂತೆ ಹಿಡಿದುಕೊಳ್ಳದೆ ಹೊರಗಿನ ನಟ್ಟನ್ನು ತಿರುಗಿಸಿದರೆ ಎರಡೂ ಒಟ್ಟಿಗೆ ಸುತ್ತಿ, ಯಾವ ಬೆಸುಗೆಯನ್ನು ಉಳಿಸಹೊರಟೆವೋ ಅದನ್ನು ನಾವೇ ಕಿತ್ತಂತಾಗುತ್ತದೆ ಎಂದು ರಸ್ತೆಯಲ್ಲಿಯೇ ನಿಂತು ಪ್ರವಚನ ಮಾಡಿದರು. ಸೈಕಲ್ಲಿಗೆ ಗಾಳಿ ಹೊಡೆಸಲು ಬಂದಿದ್ದ ಹುಡುಗರು, ಶಾಲೆ ಬಿಟ್ಟ ಮೇಲೂ ಲೆಕ್ಕದ ಮೇಷ್ಟ್ರು ತಮ್ಮನ್ನು ಬಿಡಲಿಲ್ಲವಲ್ಲ ಎಂಬ ಮುಖ ಮಾಡಿಕೊಂಡು ಕೇಳಿದರು. ನ್ಯಾಯವಾಗಿ ಹೇಳಬೇಕೆಂದರೆ, ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಈ ವರ್ಗದ ಮಹನೀಯರೊಡನೆ ವ್ಯವಹರಿಸುವುದು ದುಸ್ತರವಾಗಿರುವುದು ಈ ಕಾರಣದಿಂದಲೇ.

ಅನ್ವೇಷಣೆ ಆರಂಭವಾಯಿತು. ಮೋಟಾರ್ ಸೈಕಲ್ ರಿಪೇರಿಯವನ ಹನ್ನೆರಡರ ಸ್ಪ್ಯಾನರು ನಟ್ಟನ್ನು ಹಿಡಿಯಲಿಲ್ಲ. ಹದಿಮೂರರದು ಹಿಡಿಯಿತಾದರೂ ಕೊಂಚ ಅಲ್ಲಾಡಿತು. ಇತರರು ಹದಿಮೂರರಲ್ಲಿಯೇ ತೃಪ್ತರಾಗುತ್ತಿದ್ದರು. ಮೇಷ್ಟ್ರು ಅಳತೆಯಿಟ್ಟು, ನಟ್ಟಿನ ಅಗಲ ೧೨.೭ ಮಿಲಿಮೀಟರು, ಅಂದರೆ ಸರಿಯಾಗಿ ಅರ್ಧ ಅಂಗುಲ ಎಂಬುದನ್ನು ಸ್ಥಾಪಿಸಿ, ಮಿಕ್ಕ ೦.೩ ಮಿಲಿಮೀಟರಿನ ಅವಕಾಶದಲ್ಲಿ ಎಷ್ಟು ಅನರ್ಥಗಳು ಅಡಗಿವೆಯೆಂಬುದನ್ನು ಕಾಗದದ ಮೇಲೆ ಷಟ್ಕೋನ ಬರೆದು ತೋರಿಸಿದರು. ಗಿಟಾರಿನ ಲೋಕದಲ್ಲಿ ಅಮೆರಿಕದ ಅಂಗುಲವೂ ಜಪಾನಿನ ಮಿಲಿಮೀಟರೂ ಒಂದೇ ಹಲಗೆಯ ಮೇಲೆ ಸಂಸಾರ ಮಾಡುತ್ತಿರುತ್ತವೆ. ನಮ್ಮ ಸರ್ಕಾರವೋ ೧೯೫೬ರ ಕಾಯಿದೆಯಿಂದ ಮೆಟ್ರಿಕ್ ಮಾನವನ್ನು ಅಂಗೀಕರಿಸಿ ಅಂಗುಲಕ್ಕೆ ವಿದಾಯ ಹೇಳಿದೆ. ಚನ್ನರಾಯಪಟ್ಟಣದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಅರ್ಧ ಅಂಗುಲದ ಬಾಕ್ಸ್ ಸ್ಪ್ಯಾನರು ಕೇಳಿದರೆ, ಅರ್ಧ ಅಂಗುಲದ ನಲ್ಲಿ ಪೈಪು ತಂದು ಮುಂದಿಟ್ಟರು.

ಹಾಸನದ ಗುಜರಿ ಅಂಗಡಿಯೊಂದರಲ್ಲಿ, ಇಂಗ್ಲೆಂಡಿನಲ್ಲಿ ತಯಾರಾದ ಪುರಾತನ ಸ್ಪ್ಯಾನರೊಂದರ ಮೈಮೇಲೆ ಅರ್ಧ ಅಂಗುಲದ ಮುದ್ರೆಯನ್ನು ಕಂಡಾಗ ಅವರಿಗೆ ಕಣ್ತುಂಬಿ ಬಂತಂತೆ. ಚೌಕಾಸಿ ಮಾಡದೆ ಕೊಂಡು ತಂದರು. ಮನೆಗೆ ಬಂದು ನೋಡಿದರೆ ಅದರ ಬಾಯಿ ಮುಕ್ಕಾಲು ಅಂಗುಲಕ್ಕೂ ಮಿಕ್ಕು ಅಗಲವಾಗಿದೆ! ವಿಟ್‌ವರ್ತ್ ಎಂಬ ಆ ಹಳೆಯ ಪದ್ಧತಿಯಲ್ಲಿ ಸ್ಪ್ಯಾನರಿನ ಮೇಲೆ ಒತ್ತುತ್ತಿದ್ದುದು ನಟ್ಟಿನ ಅಗಲವನ್ನಲ್ಲ, ಅದರೊಳಗೆ ಹೋಗುವ ಬೋಲ್ಟಿನ ವ್ಯಾಸವನ್ನು. ಬೇರೊಬ್ಬರಾಗಿದ್ದರೆ ಗುಜರಿಯವನನ್ನು ಶಪಿಸುತ್ತಿದ್ದರು. ಮೇಷ್ಟ್ರು ಈ ಹೊಸ ಜ್ಞಾನದಿಂದ ಪುಲಕಿತರಾಗಿ, ವಾರವೆಲ್ಲ ಸಿಕ್ಕಸಿಕ್ಕವರಿಗೆ ವಿಟ್‌ವರ್ತನ ಮಹಿಮೆಯನ್ನು ಬೋಧಿಸಿದರು. ಆ ಸ್ಪ್ಯಾನರು ಈಗಲೂ ಅವರ ಗೂಡಿನಲ್ಲಿದೆ. ಯಾವುದಕ್ಕೂ ಹೊಂದದಿರುವುದರಿಂದ ಮುಕ್ಕಾಗದೆ ಇದೆ.

ಅವರ ಬೀಗರು ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದವರು. ಕಾವೇರಿಯ ದಡದ ಆ ಗ್ರಾಮ ಆರ್. ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರನ್ನು ನಾಡಿಗೆ ಕೊಟ್ಟದ್ದು. ಅಲ್ಲಿ ಸಲಕರಣೆಯ ಮಾತಿಗಿಂತ ಶ್ರುತಿಯ ಮಾತು ಹೆಚ್ಚು. ಬೀಗರ ಮನೆಯ ವೀಣೆಯನ್ನು ಮೇಷ್ಟ್ರು ಒಮ್ಮೆ ತಲೆಯಿಂದ ಕೊಡದವರೆಗೆ ಸೂಕ್ಷ್ಮವಾಗಿ ತಪಾಸಣೆ ಮಾಡಿದರು. ೨೪ ಮೆಟ್ಟಿಲುಗಳೂ ಮೇಣದಲ್ಲಿ ಕುಳಿತಿವೆ. ಬಿರಡೆಗಳು ಬರಿಯ ಮರದವು, ಜಾರಿದರೆ ಸ್ವಲ್ಪ ಸೀಮೆಸುಣ್ಣದ ಪುಡಿ ಸವರಿ ಅಂಗೈಯಿಂದ ಒತ್ತಿ ತಿರುಗಿಸುತ್ತಾರೆ. ಬಿಗಿಯುವುದಕ್ಕೆ ಒಂದು ನಟ್ಟಿಲ್ಲ. “ಸ್ಪ್ಯಾನರಿಗೆ ಅವಕಾಶವೇ ಇಲ್ಲವಲ್ಲ ಸ್ವಾಮಿ!” ಎಂದು ಅವರು ಅನುಕಂಪದಿಂದ ನುಡಿದಾಗ ಬೀಗರು, “ನುಡಿಸುವುದಕ್ಕೆ ಅವಕಾಶವುಂಟು” ಎಂದರಂತೆ. ಈ ಮಾತಿನ ಮೊನೆ ಮೇಷ್ಟ್ರಿಗೆ ತಾಕಲಿಲ್ಲ. ಸೀಮೆಸುಣ್ಣದ ಪುಡಿ ಎಷ್ಟು ನುಣುಪಾಗಿರಬೇಕೆಂದು ಅವರು ಕೇಳುತ್ತಿದ್ದರು.

ಊರಿನ ವಿಂಧ್ಯಗಿರಿಯ ಮೇಲೂ ಅವರ ದೃಷ್ಟಿ ಇದೇ ಬಗೆಯದು. ಕ್ರಿ.ಶ. ೯೮೧ರ ಸುಮಾರಿಗೆ ಚಾವುಂಡರಾಯ ಮಾಡಿಸಿದ, ಸುಮಾರು ೫೮ ಅಡಿಯ ಆ ಪ್ರಶಾಂತ ಮೂರ್ತಿಯ ಮುಂದೆ ಯಾತ್ರಿಕರು ಮೌನವಾಗಿ ಕೈಮುಗಿದು ನಿಂತಿರುವಾಗ, ಪಾದದ ಬಳಿಯ ಶಾಸನವು ಮಾಡಿಸಿದವನ ಹೆಸರನ್ನು ಮೂರು ನುಡಿಗಳಲ್ಲಿ ಹೇಳಿಯೂ, ಕೆತ್ತಿದ ಉಳಿ ಎಂಥದೆಂಬುದನ್ನು ಒಂದರಲ್ಲಿಯೂ ಹೇಳದೆ ಹೋದ ಅನ್ಯಾಯವನ್ನು ಕುರಿತು ಅವರು ವ್ಯಥೆಪಡುತ್ತಾರೆ. ಚಾವುಂಡರಾಯನ ಕೊಡಗಟ್ಟಲೆ ಹಾಲು ಮೂರ್ತಿಯ ತೊಡೆಯಿಂದ ಕೆಳಗೆ ಇಳಿಯದೆ ಹೋದಾಗ, ಅಜ್ಜಿಯೊಬ್ಬಳು ಗುಳ್ಳೆಕಾಯಿಯಲ್ಲಿ ತಂದ ಹಾಲು ಅಡಿಯವರೆಗೂ ಹರಿದ ಕಥೆ ಊರಿನ ಮಕ್ಕಳಿಗೆಲ್ಲ ಬಾಯಿಪಾಠ. ಅಹಂಕಾರ ಸಲ್ಲದೆಂಬುದು ಮಿಕ್ಕವರು ಅದರಿಂದ ತೆಗೆಯುವ ತಾತ್ಪರ್ಯ. ಮೇಷ್ಟ್ರ ವ್ಯಾಖ್ಯಾನವೇ ಬೇರೆ: ಕೊಡ ದೊಡ್ಡದಾದರೇನು, ಕೆಲಸಕ್ಕೆ ತಕ್ಕ ಪಾತ್ರೆಯನ್ನು ಆರಿಸಿಕೊಂಡವಳು ಆಕೆಯೊಬ್ಬಳೇ! ೨೦೧೮ರ ಮಹಾಮಸ್ತಕಾಭಿಷೇಕದಲ್ಲಿ ಅರಿಸಿನ ಚಂದನಗಳ ಓಕುಳಿ ಮುಡಿಯಿಂದ ಇಳಿಯುತ್ತಿರಲು ಸಹಸ್ರಾರು ಜನ ಜಯಘೋಷ ಮಾಡಿದರೆ, ಅವರು ಮೂರ್ತಿಯ ಬೆನ್ನಿಗೆ ಕಟ್ಟಿದ್ದ ಉಕ್ಕಿನ ಅಟ್ಟಣಿಗೆಯ ಬಿಗಿಪುಗಳನ್ನೇ ದಿಟ್ಟಿಸುತ್ತಿದ್ದರೆಂದು ಅವರ ಮನೆಯವರು ಇಂದಿಗೂ ಆಡಿಕೊಳ್ಳುತ್ತಾರೆ.

ಕಟ್ಟಕಡೆಗೆ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಅರ್ಧ ಅಂಗುಲದ ಸಾಕೆಟ್ಟು ದೊರೆಯಿತು. ಅಲ್ಲಿಗಾದರೂ ಕಥೆ ಮುಗಿಯಿತೇ? ಸಾಮಾನ್ಯ ಸಾಕೆಟ್ಟಿನ ಬಾಯಂಚನ್ನು, ಬೋಲ್ಟಿನ ತಲೆ ಸರಾಗವಾಗಿ ಒಳಗಿಳಿಯಲೆಂದು, ಒಳಮುಖವಾಗಿ ಇಳಿಜಾರು ಮಾಡಿರುತ್ತಾರೆ. ದಪ್ಪ ತಲೆಗೆ ಅದರಿಂದ ಬಾಧಕವಿಲ್ಲ. ಆದರೆ ಜ್ಯಾಕಿನ ನಟ್ಟು ಹಳೆಯ ಕಾಲದ ಬಿಲ್ಲೆಯಂತೆ ತೆಳು, ಅದರ ಮುಕ್ಕಾಲು ಪಾಲು ಆ ಇಳಿಜಾರಿನಲ್ಲಿಯೇ ಕಳೆದುಹೋಗಿ ಹಿಡಿತ ತಪ್ಪುತ್ತದೆ. ಬಲ್ಲ ಕುಶಲಕರ್ಮಿಗಳು ಬಾಯನ್ನು ಚಪ್ಪಟೆಯಾಗಿ ಅರೆದುಕೊಳ್ಳುತ್ತಾರೆ. ಮೇಷ್ಟ್ರು ಜಗುಲಿಯ ಮೇಲೆ ಕುಳಿತು, ಸಾಕೆಟ್ಟನ್ನು ಒಣಬಟ್ಟೆಯಲ್ಲಿ ಸುತ್ತಿ ಹಿಡಿದು, ಅರವನ್ನು ಒಂದೇ ದಿಕ್ಕಿಗೆ ಎಳೆಯುತ್ತ, ಆಗಾಗ ಬಾಯನ್ನು ಗಾಜಿನ ಮೇಲೆ ಬೋರಲಿಟ್ಟು ಬೆಳಕು ನುಸುಳುವುದೇ ಎಂದು ಕಣ್ಣು ಕಿರಿದು ಮಾಡಿ ನೋಡುತ್ತ, ಅನೇಕ ಸಂಜೆಗಳನ್ನು ಕಳೆದರು. “ಅಲ್ಲಾಂದ್ರೆ, ಬಚ್ಚಲ ನಲ್ಲಿ ಸೋರ್ತಾ ಇದೆ ಅಂತ ಯುಗಾದಿಯಿಂದ ಹೇಳ್ತಿದೀನಿ” ಎಂದು ಒಳಗಿನಿಂದ ಬಂದ ಧ್ವನಿಗೆ, “ಅದಕ್ಕೆ ಪೈಪ್ ರೆಂಚು ಬೇಕು ಕಣೇ, ಅದರ ವಿಚಾರ ಆಮೇಲೆ” ಎಂದು ಅರ ನಿಲ್ಲಿಸದೆ ಉತ್ತರ ಕೊಟ್ಟರು.

ನಟ್ಟನ್ನು ಬಿಗಿದ ದಿನ ನಾನೂ ಇದ್ದೆ. ಒಳಗೆ ಹಲ್ಲಿನ ವಾಷರು ಸರಿಯಾಗಿ ಕೂತಿದೆಯೆಂದು ನಿಶ್ಚಯಿಸಿಕೊಂಡು, ಜ್ಯಾಕನ್ನು ಎಡಗೈಯಿಂದ ಹಿಡಿದು, ಸಾಕೆಟ್ಟನ್ನು ನಟ್ಟಿನ ಮೇಲೆ ಇಟ್ಟರು. ಎಳ್ಳಷ್ಟೂ ಅಲ್ಲಾಡಲಿಲ್ಲ. ಅರ್ಧ ಸುತ್ತು ತಿರುಗುವಷ್ಟರಲ್ಲಿ ಕೆಲಸ ಮುಗಿಯಿತು. ಮೇಷ್ಟ್ರ ಮುಖದಲ್ಲಿ ಹರ್ಷ ಕಾಣಲಿಲ್ಲ. ಮಗಳನ್ನು ಗಂಡನ ಮನೆಗೆ ಕಳುಹಿಸಿದವರ ಖಿನ್ನತೆ ಆವರಿಸಿತು. ಆ ರಾತ್ರಿ ಮಗ ಫೋನಿನಲ್ಲಿ ವಿಷಯ ತಿಳಿದು, “ಅಣ್ಣ, ಅದನ್ನ ಇನ್ಯಾರು ನುಡಿಸ್ತಾರೆ, ಮಾರಿಬಿಡಿ” ಎಂದನಂತೆ. “ಗಿಟಾರು ಮಾರಿದರೆ ಇಷ್ಟು ಸ್ಪ್ಯಾನರು ಇಟ್ಟುಕೊಂಡು ನಾನೇನು ಮಾಡಲಿ?” ಎಂದು ಅವರು ಗದರಿದ್ದು ಪಕ್ಕದ ಮನೆಗೂ ಕೇಳಿಸಿತು.

ಮೊನ್ನೆ ಬಸ್ ನಿಲ್ದಾಣದಲ್ಲಿ ಸಿಕ್ಕರು. ಕಂಕುಳಲ್ಲಿ ಚೀಲ, ಮುಖದಲ್ಲಿ ಹಿಂದಿನ ಕಳೆ ಮರಳಿತ್ತು. ಗಿಟಾರಿನ ತಲೆಯ ಭಾಗದಲ್ಲಿ, ತಂತಿ ಸುತ್ತುವ ಕೀಲುಗಳ ಬುಡಕ್ಕೆ ಒಂದೊಂದರಂತೆ ಆರು ನಟ್ಟುಗಳಿವೆಯೆಂದೂ, ಅವು ಹತ್ತು ಮಿಲಿಮೀಟರಿನವೆಂದೂ, ಅವುಗಳಲ್ಲಿ ಒಂದು ಸಡಿಲವಾಗಿರಬಹುದೆಂಬ ಗುಮಾನಿ ತಮಗುಂಟೆಂದೂ ಹೇಳಿದರು.

“ಹತ್ತರ ಸ್ಪ್ಯಾನರು ಇಲ್ಲೇ ಸೈಕಲ್ ಷಾಪಿನಲ್ಲಿ ಉಂಟಲ್ಲ ಮೇಷ್ಟ್ರೇ?” ಎಂದೆ.

“ಉಂಟು, ಉಂಟು. ಅದರ ಬಾಯಿಯ ಗೋಡೆ ದಪ್ಪ” ಎಂದು ಹೇಳಿ, ಹಾಸನದ ಬಸ್ಸು ಹತ್ತಿ ಕಿಟಕಿಯ ಪಕ್ಕದಲ್ಲಿ ಕುಳಿತರು.